ತಿಪ್ಪೆ ಸಾರಿಸುವುದು

ಕನ್ನಡಿಗರು ತಿಪ್ಪೆಗೆ ನ್ಯಾಯ ಮಾಡಿಲ್ಲವೆಂಬುದು ನನ್ನ ಹಳೆಯ ದೂರು. ತಪ್ಪನ್ನು ಮುಚ್ಚಿಹಾಕುವವನನ್ನು ಕಂಡರೆ ‘ತಿಪ್ಪೆ ಸಾರಿಸುತ್ತಾನೆ’ ಎನ್ನುತ್ತೇವೆ. ನಿಲುಕದ್ದಕ್ಕೆ ಆಸೆಪಡುವವನನ್ನು ಅದೇ ತಿಪ್ಪೆಯ ಮೇಲೆ ಮಲಗಿಸಿ ಉಪ್ಪರಿಗೆಯ ಕನಸು ಕಾಣಿಸುತ್ತೇವೆ. ಆದರೆ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ನಿಂತು ‘ತಿಪ್ಪೇಸ್ವಾಮಿ’ ಎಂದು ಒಮ್ಮೆ ಕೂಗಿ ನೋಡಿ, ಕಡಿಮೆಯೆಂದರೂ ನಾಲ್ವರು ತಿರುಗಿ ನೋಡುತ್ತಾರೆ. ಇದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸೀಮೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ರೂಢಿಯೂ ಹಿಂದೆ ಇತ್ತು. ಸಾವಿನ ಕಣ್ಣಿಗೆ ಮಗು ಕಸದಂತೆ ಕಾಣಲಿ ಎಂಬುದು ಹಿರಿಯರ ಉಪಾಯ.

ದಾವಣಗೆರೆಯ ನೌಕರಿ ಬಿಟ್ಟು ಊರಿಗೆ ಮರಳಿದ ವರ್ಷ ನನಗೆ ತಿಪ್ಪೆಯ ಬಗ್ಗೆ ಪುಸ್ತಕದ ಜ್ಞಾನ ಧಾರಾಳವಾಗಿತ್ತು. ಆಲ್ಬರ್ಟ್ ಹೋವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ರೂಪಿಸಿದ ಕಾಂಪೋಸ್ಟ್ ವಿಧಾನದಲ್ಲಿ ಗೊಬ್ಬರವನ್ನು ಆಗಾಗ ತಿರುವಿ ಹಾಕಬೇಕು. ಒಳಗೆ ಗಾಳಿಯಾಡಿದರೆ ರಾಶಿ ಕಾದು ಬೇಗ ಕಳಿಯುತ್ತದೆ. ಸರಿ, ಚಳಿಗಾಲ ಕಳೆದ ಮೇಲೆ ವಾರಕ್ಕೊಮ್ಮೆ ಗುದ್ದಲಿ ಹಿಡಿದು ತಿಪ್ಪೆಗೆ ಇಳಿದೆ. ನಮ್ಮ ಬಿಸಿಲಿಗೆ ರಾಶಿ ಕಾಯುವ ಬದಲು ಒಣಗಿತು. ಒಣಗಿದ್ದಕ್ಕೆ ಹೊಯ್ಯಲು ನೀರು ಬೇಕು, ನೀರಿದ್ದರೆ ನಾವು ಮೊದಲು ಬದನೆ ಗಿಡಕ್ಕೆ ಹೊಯ್ಯುತ್ತಿದ್ದೆವು. ತಾಳ್ಮೆಗೆಟ್ಟು ಅರೆಗಳಿತ ಗೊಬ್ಬರವನ್ನೇ ಶೇಂಗಾ ಹೊಲಕ್ಕೆ ಹೊಡೆಸಿದೆ. ಆ ವರ್ಷ ಹೊಲದಲ್ಲಿ ಶೇಂಗಾಕ್ಕಿಂತ ಮೊದಲು ಕಳೆ ಎದ್ದಿತು. ಆಮೇಲೆ ಗೊಣ್ಣೆಹುಳು ಬೇರು ಕಡಿದು, ಸಾಲುಸಾಲಾಗಿ ಗಿಡಗಳು ಬಾಡಿದವು. ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು ಅವ್ವ ಕೇಳಿದಳು: “ಅರೆಬೆಂದ ಅನ್ನ ಉಂಡ್ರೆ ನಿನ್ ಹೊಟ್ಟೆ ಸುಮ್ನಿರ್ತತೇನಪ್ಪ? ಹೊಲದ್ದೂ ಹಂಗೇ.”

ಅವಳ ಕ್ರಮವೇ ಬೇರೆ. ಮುಂಗಾರಿನಲ್ಲಿ ಬೀಜ ಕಟ್ಟುವ ಮೊದಲೇ ಕಿತ್ತ ಕಳೆ, ಎತ್ತಿನ ಕಾಲಡಿಯ ಗಂಜಲ ನೆನೆದ ಮಣ್ಣು, ಸಗಣಿ, ದನ ತಿಂದು ಬಿಟ್ಟ ದಂಟು, ತೊಗರಿಯ ಹೊಟ್ಟು, ಒಲೆಯ ಬೂದಿ, ಎಲ್ಲವೂ ಪದರ ಪದರವಾಗಿ ಗುಂಡಿಗೆ ಬೀಳುತ್ತವೆ. ದೀಪಾವಳಿಯ ಪಾಡ್ಯದ ದಿನ ಗುಂಡಿಯ ಅಂಚಿಗೆ ಒಂದು ಹಣತೆ, ಚೆಂಡುಹೂವು, ಉತ್ತರಾಣಿ ಕಡ್ಡಿ. ಪೂಜೆ ಮುಗಿದ ವಾರದಲ್ಲಿ ಮಣ್ಣು, ಸಗಣಿ ಕಲಸಿ, ರಾಶಿಯ ನೆತ್ತಿಯಿಂದ ಬುಡದವರೆಗೆ ಗೋಡೆಗೆ ಮೆತ್ತಿದಂತೆ ಮೆತ್ತಿಬಿಡುತ್ತಾಳೆ. ಯುಗಾದಿ ಕಳೆಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ತಿಪ್ಪೆ ಸಾರಿಸುವುದೆಂದರೆ ಇದೇ, ಅಕ್ಷರಶಃ.

ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ವಿಧಾನವನ್ನು ನಾನು ಓದಿದ್ದು ಆ ನಷ್ಟದ ನಂತರ. ಗುಂಡಿಯಲ್ಲಿ ಪದರ ಹಾಕಿ, ಮೇಲೆ ಮಣ್ಣು ಮೆತ್ತಿ, ತಿರುವದೆ ಆರೆಂಟು ತಿಂಗಳು ಬಿಡಬೇಕು. ತೇವ ಆರುವುದಿಲ್ಲ, ಸಾರಜನಕ ಗಾಳಿಗೆ ಹಾರುವುದು ಕಡಿಮೆ, ಮಳೆ ಕಡಿಮೆಯಿರುವ ಕಡೆಗೆ ಇದು ಹೊಂದುತ್ತದೆ. ಕಳಿಯಲು ಹೆಚ್ಚು ದಿನ ಹಿಡಿಯುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ನಮಗೇನು ಅವಸರ? ಓದಿ ಹೇಳಿದಾಗ ಅವ್ವನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. “ಅವ್ರೂ ಒಕ್ಕಲುತನದ ಮನೇರೇನು?” ಎಂದಷ್ಟೇ ಕೇಳಿದಳು.

ನಮ್ಮ ಭಾವನವರು ಮಾತ್ರ ಒಪ್ಪುವವರಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇಕಡಾ 0.5, ಯೂರಿಯಾದಲ್ಲಿ ಶೇಕಡಾ 46. ಅಂದರೆ 45 ಕೆ.ಜಿ.ಯ ಒಂದು ಚೀಲಕ್ಕೆ ಸಮ ಮಾಡಲು ನೀನು ನಾಲ್ಕು ಟನ್ ಗೊಬ್ಬರ ಹೊರಬೇಕು ಎಂದು ಅವರು ಮೊಬೈಲಿನಲ್ಲಿ ಗುಣಿಸಿ ತೋರಿಸಿದರು. ಲೆಕ್ಕದಲ್ಲಿ ತಪ್ಪಿಲ್ಲ, ನನ್ನ ಬೆನ್ನೂ ಅದಕ್ಕೆ ಸಾಕ್ಷಿ. ಆದರೆ ಆರಿದ್ರಾ ಮಳೆ ಕೈಕೊಟ್ಟು ಇಪ್ಪತ್ತು ದಿನ ಒಣಗಾಳಿ ಬೀಸಿದಾಗ, ಗೊಬ್ಬರ ಕಂಡ ಮಣ್ಣು ತೇವ ಹಿಡಿದುಕೊಂಡಂತೆ ಬೇರೆ ಮಣ್ಣು ಹಿಡಿಯುವುದಿಲ್ಲ. ಚೀಲದ ಮೇಲೆ ಬರೆದ ಶೇಕಡಾವಾರಿನಲ್ಲಿ ಆ ತೇವಕ್ಕೆ ಜಾಗವಿಲ್ಲ. ಸುಗ್ಗಿಯಾದ ಮೇಲೆ ಕುರಿಯವರು ಬಂದರೆ ಹೊಲದಲ್ಲಿ ಎರಡು ರಾತ್ರಿ ಮಂದೆ ತರುಬಿಸುವುದೂ ಉಂಟು. ಆ ಕಥೆ ಬೇರೆ.

ಈ ಸಲ ಯುಗಾದಿ ಕಳೆದ ವಾರ ಗುಂಡಿ ತೆರೆದೆವು. ಭರಣಿ ಮಳೆಗೆ ಮುಂಚೆ ಹೊಲ ಸೇರಬೇಕು, ಸೇರಿದ ದಿನವೇ ಹರಡಿ ಮಣ್ಣಿನಲ್ಲಿ ಬೆರೆಸಬೇಕು, ಬಿಸಿಲಿಗೆ ಗುಪ್ಪೆಯಾಗಿ ಬಿಟ್ಟರೆ ಸತ್ವ ಹೋಗುತ್ತದೆ. ಮೆತ್ತಿದ ಮಣ್ಣಿನ ಹೆಂಟೆ ಎತ್ತಿದಾಗ ಸಗಣಿಯ ವಾಸನೆಯಿರಲಿಲ್ಲ, ಮೊದಲ ಮಳೆಗೆ ನೆನೆದ ನೆಲದ ವಾಸನೆಯಿತ್ತು. ಕಪ್ಪಗೆ, ಹಿಡಿಯಲ್ಲಿ ಪುಡಿಯಾಗುವ ಗೊಬ್ಬರದ ನಡುವೆ ಕಳಿಯದೆ ಉಳಿದಿದ್ದವು ಶಾಂಪೂ ಚೀಟಿಗಳು, ಒಂದು ಗುಟ್ಕಾ ಪೊಟ್ಟಣ (ಯಾರದೆಂದು ಯಾರೂ ಬಾಯಿ ಬಿಡಲಿಲ್ಲ), ಮತ್ತು ತರಕಾರಿ ಸಿಪ್ಪೆಯ ಜೊತೆ ಹೋಗಿ ಸೇರಿದ್ದ ಒಂದು ಸ್ಟೀಲ್ ಚಮಚ. ಶ್ರಾವಣದಲ್ಲಿ ಅದು ಕಾಣೆಯಾದಾಗ ನೆಂಟರ ಮೇಲೆ ಅನುಮಾನಪಟ್ಟಿದ್ದೆವು. ಅವ್ವ ಅದನ್ನು ಬೂದಿ ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ, ಉಪ್ಪಿನಕಾಯಿ ಭರಣಿಯೊಳಗೆ ಇಟ್ಟಳು. ಮಧ್ಯಾಹ್ನ ಊಟಕ್ಕೆ ಬಂದ ಭಾವನವರಿಗೆ ಅದರಲ್ಲೇ ಬಡಿಸಿದೆವು.