ಬೀದಿಯೊಳಗಿನ ಪಂಪ್‌ಹೌಸ್ ಮನೆಯಂತೆ ಕಾಣಬೇಕೇ? ಪರ–ವಿರೋಧ

ಪರ: ಬೀದಿಯ ಅಳತೆಗೆ ಕಟ್ಟಿ

ವಸತಿ ಬೀದಿಗೆ ಪಂಪ್‌ಹೌಸ್ ಮಂಜೂರಾದರೆ ಸಾಮಾನ್ಯವಾಗಿ ಹಳೆಯ ನಕ್ಷೆಯೇ ಹೊರಬರುತ್ತದೆ: ಆರೇಳು ಮೀಟರ್ ಎತ್ತರದ ಕಾಂಕ್ರೀಟ್ ಪೆಟ್ಟಿಗೆ, ಎದುರಿಗೆ ಕಬ್ಬಿಣದ ಶಟರ್, ಸುತ್ತ ಮುಳ್ಳುತಂತಿ. ಅದರ ಬದಲು ಅಕ್ಕಪಕ್ಕದ ಮನೆಗಳ ಸೂರಿನ ಮಟ್ಟ, ರಸ್ತೆಯಿಂದ ಅವು ಬಿಟ್ಟಿರುವ ಜಾಗ, ಕಾಂಪೌಂಡಿನ ಎತ್ತರ ಅಳೆದು, ಇದರೊಳಗೇ ಕೂರಿಸಿ ಎಂದು ಷರತ್ತು ಹಾಕಿ ನೋಡಿ. ಆಗ ಪಂಪುಗಳು ನೆಲದಡಿಗೆ ಇಳಿಯಲೇಬೇಕಾಗುತ್ತದೆ. ಕಟ್ಟಡ ತಗ್ಗುತ್ತದೆ, ಸುತ್ತಲಿನ ಮಣ್ಣೇ ಸದ್ದನ್ನು ನುಂಗುತ್ತದೆ. ಸಂಪಿನ ನೀರು ಪಂಪಿಗಿಂತ ಮೇಲಿರುವುದರಿಂದ ಪ್ರೈಮಿಂಗ್ (ಓಡಿಸುವ ಮೊದಲು ಪಂಪಿಗೆ ನೀರು ತುಂಬುವ) ತಾಪತ್ರಯವೂ ತಪ್ಪುತ್ತದೆ. ಆ ನೆಲಮಾಳಿಗೆಯಲ್ಲಿ ಸೋರಿ ನಿಂತ ನೀರನ್ನು ಹೊರಹಾಕಲು ಒಂದು ಪುಟ್ಟ ಪಂಪ್ ಇರಲಿ. ಎಲೆಕ್ಟ್ರಿಕ್ ಪ್ಯಾನೆಲ್ ಮಾತ್ರ ನೆಲಮಟ್ಟದ ಮೇಲೆಯೇ ಉಳಿಯಲಿ.

ಮನೆಗಳಿಗಿರುವಂಥ ಇಳಿಜಾರು ಮಾಡು ಬರೀ ಅಲಂಕಾರ ಎನ್ನುವವರು ಅದರಡಿಯ ಅಟ್ಟವನ್ನು ಮರೆಯುತ್ತಾರೆ. 75 ಕಿಲೋವಾಟ್ ಮೋಟಾರ್ ಶೇ. 93ರ ದಕ್ಷತೆಯಲ್ಲಿ ಓಡಿದರೂ ಸುಮಾರು ಐದೂವರೆ ಕಿಲೋವಾಟ್ ಶಾಖವನ್ನು ಕೋಣೆಗೆ ಬಿಡುತ್ತದೆ. ಒಳಗಿನ ಬಿಸಿ ಹೊರಗಿಗಿಂತ 10 ಡಿಗ್ರಿಯಷ್ಟೇ ಹೆಚ್ಚಿರಬೇಕೆಂದರೆ ಸೆಕೆಂಡಿಗೆ ಅರ್ಧ ಘನ ಮೀಟರ್ ಗಾಳಿ ಹರಿಯಬೇಕು. ರಸ್ತೆ ಬದಿಯಲ್ಲಿ ತಗ್ಗಿನಲ್ಲಿ ಗಾಳಿ ಒಳಕ್ಕೆಳೆದು, ಸದ್ದು ಹೀರುವ ಗ್ಲಾಸ್‌ವೂಲ್ (ಗಾಜಿನ ನಾರು) ಹೊದಿಸಿದ ಅಟ್ಟದಲ್ಲಿ ಎರಡು ತಿರುವು ಕೊಟ್ಟು, ಚಿಮಣಿಯಂತೆ ಕಾಣುವ ಗೂಡಿನಿಂದ ಬಿಟ್ಟರೆ ಅಟ್ಟವೇ ಸೈಲೆನ್ಸರ್ ಆಗುತ್ತದೆ. ಚಪ್ಪಟೆ ತಾರಸಿಯ ಮೇಲೆ ಇದೇ ಕೆಲಸಕ್ಕೆ ತಗಡಿನ ಡಕ್ಟ್ (ಗಾಳಿಕೊಳವೆ) ಎಳೆಯಬೇಕು, ಅದು ಮೂರು ಬೀದಿಗೆ ಕಾಣುತ್ತದೆ.

ಇದು ಹೊಸ ಪ್ರಯೋಗವೇನಲ್ಲ. ಕೆನಡಾದ ಟೊರೊಂಟೊ ನಗರದ ವಿದ್ಯುತ್ ಸಂಸ್ಥೆ 20ನೇ ಶತಮಾನದಲ್ಲಿ ವಸತಿ ಬೀದಿಗಳೊಳಗೆ ಸಬ್‌ಸ್ಟೇಷನ್‌ಗಳನ್ನು ಮನೆಯ ಆಕಾರದಲ್ಲೇ ಕಟ್ಟಿತು: ಇಟ್ಟಿಗೆ ಗೋಡೆ, ಬಾಗಿಲು, ಕಿಟಕಿ, ಎದುರಿಗೆ ಹುಲ್ಲುಹಾಸು. ಜನರ ತೆರಿಗೆಯಲ್ಲಿ ಕಟ್ಟುವ ಕಟ್ಟಡ ಆ ಜನರ ಬೀದಿಯನ್ನು ಹಾಳುಗೆಡವಬಾರದು. ಅಷ್ಟು ಕೇಳುವ ಹಕ್ಕು ಅವರಿಗಿದೆ.

ವಿರೋಧ: ಯಂತ್ರದ ಅಳತೆಗೆ ಕಟ್ಟಿ

ಪಂಪನ್ನು ನೆಲದಡಿಗೆ ಇಳಿಸುವುದಕ್ಕೆ ನನ್ನ ತಕರಾರಿಲ್ಲ. ಅದಕ್ಕೆ ಮನೆಯ ವೇಷ ಬೇಕಿಲ್ಲ ಎನ್ನುವುದಷ್ಟೇ ನನ್ನ ವಾದ.

ಕೆಟ್ಟ ಮೋಟಾರನ್ನು ಹೊರತೆಗೆಯುವ ದಿನ ನೆನೆಸಿಕೊಳ್ಳಿ. 75 ಕಿಲೋವಾಟ್ ಮೋಟಾರ್ ತೂಕ ಅರ್ಧ ಟನ್ನಿನ ಆಸುಪಾಸು. ಲಾರಿಯ ಹಲಗೆ ನೆಲದಿಂದ 1.2 ಮೀಟರ್, ಅದರ ಮೇಲೆ ಮೋಟಾರ್ ಮುಕ್ಕಾಲು ಮೀಟರ್, ಕಟ್ಟುವ ಪಟ್ಟಿ ಮತ್ತು ಚೈನ್ ಬ್ಲಾಕ್ (ಭಾರ ಎತ್ತುವ ಸರಪಳಿ ರಾಟೆ) ಸೇರಿ ಇನ್ನೊಂದು ಮೀಟರಿಗೂ ಹೆಚ್ಚು. ಇದನ್ನು ತೂಗುಹಾಕುವ ತೊಲೆಯ ಕೆಳಗೆ ಮೂರೂವರೆ ಮೀಟರಾದರೂ ಖಾಲಿ ಇರಬೇಕು, ಲಾರಿ ಹಿಮ್ಮುಖವಾಗಿ ತೊಲೆಯ ಕೆಳಗೇ ಬರಬೇಕು. ಮನೆಯ ಸೂರು, ಮನೆಯ ಬಾಗಿಲು ಇದಕ್ಕೆ ಒದಗುವುದಿಲ್ಲ. ಆಗ ಮಾಡು ಬಿಚ್ಚಬೇಕು, ಇಲ್ಲವೇ ಕೂಲಿಯವರು ಉರುಳುಕೊಳವೆಗಳ ಮೇಲೆ ಅದನ್ನು ತಳ್ಳಬೇಕು. ಬೆರಳು, ಪಾದ ಜಜ್ಜುವುದು ಅಲ್ಲೇ.

ಇನ್ನು ಮನೆಯಂತೆ ಕಾಣಲೆಂದು ಇಡುವ ಸುಳ್ಳು ಕಿಟಕಿ. 45 ಡೆಸಿಬೆಲ್ ತಡೆಯುವ ಇಟ್ಟಿಗೆ ಗೋಡೆಯಲ್ಲಿ ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೂ ಒಟ್ಟು ತಡೆ 20 ಡೆಸಿಬೆಲ್‌ಗೆ ಕುಸಿಯುತ್ತದೆ. ಚೌಕಟ್ಟಿನ ಸುತ್ತ ಬಿಟ್ಟ ಸಂದು ಸಾಕು. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಇನ್ನೂ ಮೊಂಡು: 50 ಹರ್ಟ್ಜ್ ವಿದ್ಯುತ್ತಿಗೆ ಅದು 100 ಹರ್ಟ್ಜ್, ಅಲೆಯ ಉದ್ದ ಸುಮಾರು 3.4 ಮೀಟರ್. ಒಂದು ಸಾಲು ಗಿಡ ಅದನ್ನು ತಡೆಯುವುದಿಲ್ಲ. ಗಿಡ ಮರೆಮಾಡುವುದು ಕಣ್ಣಿಗೆ ಮಾತ್ರ.

ರಾತ್ರಿ ನಿದ್ದೆ ಕೆಡಿಸುವ ಸದ್ದು ಬಹಳ ಸಲ ಬರುವುದು ಪೈಪಿನಿಂದ. ಡೆಲಿವರಿ ಪೈಪನ್ನು ಗೋಡೆಗೆ ಸಿಮೆಂಟ್ ತುಂಬಿ ಬಿಗಿದುಬಿಡುತ್ತಾರೆ. ಪಂಪಿನ ನಡುಕವೆಲ್ಲ ಗೋಡೆಗಿಳಿದು ಗೋಡೆಯೇ ತಮಟೆಯಾಗುತ್ತದೆ. ಪಂಪಿನ ಎರಡೂ ಕಡೆ ರಬ್ಬರ್ ಬೆಲ್ಲೋಸ್ (ನಡುಕ ನುಂಗುವ ಬಾಗುವ ಜೋಡಣೆ), ಗೋಡೆಯಲ್ಲಿ ಪೈಪಿಗಿಂತ ದೊಡ್ಡ ಹೊರಕೊಳವೆ, ನಡುವಿನ ಸಂದಿಗೆ ಮೆತ್ತನೆಯ ಸೀಲೆಂಟ್ ಬೇಕು. ಕರೆಂಟ್ ಹೋದಾಗ ಮೇಲೇರಿದ ನೀರು ಹಿಂದಿರುಗಿ ಎನ್‌ಆರ್‌ವಿಯ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಬಾಗಿಲನ್ನು ಧಡ್ ಎಂದು ಬಡಿಯುತ್ತದೆ, ಆ ಏಟು ಪೈಪಿನುದ್ದಕ್ಕೂ ಓಡುತ್ತದೆ. ಮೋಟಾರನ್ನು ಮೆಲ್ಲಗೆ ಓಡಿಸಿ ನಿಲ್ಲಿಸುವ ಸಾಫ್ಟ್ ಸ್ಟಾರ್ಟರ್ ಇದ್ದರೂ ಪ್ರಯೋಜನವಿಲ್ಲ, ಕರೆಂಟಿಲ್ಲದೆ ಅದೂ ಕೆಲಸ ಮಾಡದು. ನೀರು ತಿರುಗುವ ಮೊದಲೇ ಮುಚ್ಚುವ ಸ್ಪ್ರಿಂಗ್ ವಾಲ್ವ್ ಹಾಕಬೇಕು. ಹೆಂಚು, ಚಿಮಣಿಗೆ ಹಣ ಸುರಿದ ಮೇಲೆ ಟೆಂಡರಿನಲ್ಲಿ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ.

ಲಂಡನ್ನಿನ ಲೀನ್‌ಸ್ಟರ್ ಗಾರ್ಡನ್ಸ್ ಬೀದಿಯಲ್ಲಿ 23 ಮತ್ತು 24ನೇ ಸಂಖ್ಯೆಯ ಮನೆಗಳು ಬರೀ ಮುಂಗೋಡೆ. 1860ರ ದಶಕದ ಭೂಗತ ರೈಲಿನ ಉಗಿ ಎಂಜಿನ್‌ಗಳು ಹೊಗೆ ಬಿಡಲು ತೆರೆದ ಜಾಗ ಬೇಕಿತ್ತು, ಅದನ್ನು ಮರೆಮಾಡಲು ಈ ಮುಂಗೋಡೆ ಕಟ್ಟಿದರು. ಆ ವೇಷ ನಡೆದದ್ದು ಹಿಂದೆ ಮಾಡೂ ಇಲ್ಲ, ಕೋಣೆಯೂ ಇಲ್ಲವೆಂದೇ. ಯಂತ್ರ ತುಂಬಿದ ಕಟ್ಟಡಕ್ಕೆ ಆ ಅನುಕೂಲವಿಲ್ಲ.

ಒಳಚರಂಡಿ ಪಂಪ್‌ಹೌಸ್ ಆದರೆ ವೇಷ ಅಪಾಯವೂ ಹೌದು. ಕೊಳಚೆಯಿಂದ ಏಳುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಕೊಳಚೆ ಸೇರುವ ಬಾವಿಯ ತಳದಲ್ಲಿ ನಿಲ್ಲುತ್ತದೆ. ಪ್ರಮಾಣ ಏರಿ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು) ಸುತ್ತಮುತ್ತ ಬಂದಾಗ ಮೂಗಿಗೆ ವಾಸನೆಯೇ ತಿಳಿಯದು. ಬೆಂಕಿ ಆರಿಸಲು ಬಂದವರಿಗೆ ಇದು ಮನೆಯಲ್ಲ ಎಂದು ಗೇಟಿನಲ್ಲೇ ಗೊತ್ತಾಗಬೇಕು.

ಎತ್ತರ ತಗ್ಗಿಸಿ, ಇಟ್ಟಿಗೆಯಲ್ಲೇ ಕಟ್ಟಿ, ಶಟರ್ ದೊಡ್ಡದಿಡಿ. ಪಕ್ಕದ ಮನೆಯ ಗಡಿಯಲ್ಲಿ ರಾತ್ರಿ ಎಷ್ಟು ಡೆಸಿಬೆಲ್ ಮೀರಬಾರದು ಎಂದು ಟೆಂಡರಿನಲ್ಲೇ ಬರೆಯಿರಿ. ಕೆಲಸ ಮುಗಿದ ಮೇಲೆ ಪಂಪುಗಳು, ಫ್ಯಾನ್, ಜನರೇಟರ್ ಎಲ್ಲ ಓಡಿಸಿ ಬೆಳಗಿನ ಜಾವ ಅಲ್ಲೇ ನಿಂತು ಅಳೆಯಿರಿ. ಒಮ್ಮೆ ಕರೆಂಟ್ ತೆಗೆದು ಎನ್‌ಆರ್‌ವಿಯ ಬಡಿತವನ್ನೂ ಕೇಳಿ, ಆಮೇಲೆ ಕೊನೆಯ ಬಿಲ್ಲಿಗೆ ಸಹಿ ಹಾಕಿ.