ಕೊಟ್ಟದ್ದನ್ನು ಬೇರೆ ಕಡೆ ಹಿಂಪಡೆಯುವ ಲೆಕ್ಕ

ಹಳೆಯ ಇಸ್ಪೀಟಾಟಕ್ಕೆ ಒಂದೆರಡು ನಿಯಮ ಸೇರಿಸಿದರೆ ಕ್ಯಾಸಿನೊಗೆ ಹೊಸ ಆಟ ಸಿದ್ಧ ಎಂದು ಕ್ಯಾಸಿನೊ ಆಟಗಳ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಖಂಡಿತ ಒಪ್ಪಲಾರೆ. 1994ರಲ್ಲಿ ಬ್ರಿಟನ್ನಿನ ಡೆರೆಕ್ ವೆಬ್ ರೂಪಿಸಿದ ತ್ರೀ ಕಾರ್ಡ್ ಪೋಕರ್ ಅನ್ನೇ ನೋಡಿ. ಐದು ಎಲೆಗಳ ಪೋಕರಿನಲ್ಲಿ ಸ್ಟ್ರೇಟ್‌ಗಿಂತ (ಅನುಕ್ರಮವಾಗಿ ಬರುವ ಎಲೆಗಳು) ಫ್ಲಶ್ (ಎಲ್ಲವೂ ಒಂದೇ ಜಾತಿಯ ಎಲೆಗಳು) ದೊಡ್ಡದು. ಎಲೆಗಳು ಮೂರಕ್ಕಿಳಿದರೆ ಲೆಕ್ಕ ತಲೆಕೆಳಗಾಗುತ್ತದೆ: ಬರಬಹುದಾದ 22,100 ಜೋಡಣೆಗಳಲ್ಲಿ ಫ್ಲಶ್ 1,096, ಸ್ಟ್ರೇಟ್ ಬರೀ 720. ಅಪರೂಪದ್ದಕ್ಕೇ ಬೆಲೆ, ಹಾಗಾಗಿ ಅಲ್ಲಿ ಸ್ಟ್ರೇಟ್ ಮೇಲು. ನಮ್ಮಲ್ಲಿ ತೀನ್ ಪತ್ತಿ ಆಡುವವರಿಗೆ ಇದು ಗೊತ್ತಿರುವುದೇ. ಆ ಆಟದಲ್ಲೂ ಕಲರ್‌ಗಿಂತ (ಫ್ಲಶ್) ಸೀಕ್ವೆನ್ಸ್ (ಸ್ಟ್ರೇಟ್) ದೊಡ್ಡದು.

ಜೆಫ್ ಹಾಲ್ ರೂಪಿಸಿದ ಬ್ಲ್ಯಾಕ್‌ಜಾಕ್ ಸ್ವಿಚ್ (21 ದಾಟದೆ ಅದರ ಹತ್ತಿರ ಹೋಗಬೇಕಾದ ಬ್ಲ್ಯಾಕ್‌ಜಾಕ್ ಆಟದ ಒಂದು ರೂಪ) ನನಗೆ ಇನ್ನೂ ಹೆಚ್ಚು ಇಷ್ಟ. (ಜೂಜಿನ ಮೋಹ ನನಗಿಲ್ಲ, ಲೆಕ್ಕದ ಮೋಹವಿದೆ.) ಆಟಗಾರ ಎರಡು ಕೈ ಆಡುತ್ತಾನೆ, ಎರಡರಲ್ಲೂ ಎರಡನೆಯದಾಗಿ ಬಂದ ಎಲೆಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಇಷ್ಟು ಧಾರಾಳತನ ತೋರಿಸಿದರೆ ಕ್ಯಾಸಿನೊ ಮುಳುಗಿಯೇ ಹೋಗಬೇಕು. ಅದಕ್ಕೆಂದೇ ಎರಡು ಕಡೆ ಬಿಗಿ ಮಾಡಿದ್ದಾರೆ. ಬ್ಲ್ಯಾಕ್‌ಜಾಕ್, ಅಂದರೆ ಎರಡೇ ಎಲೆಗಳಲ್ಲಿ 21, ಬಂದರೆ ಕಟ್ಟಿದ್ದರ ಒಂದೂವರೆ ಪಟ್ಟಿನ (3:2) ಬದಲು ಕಟ್ಟಿದಷ್ಟೇ ಗೆಲುವು. ಕ್ಯಾಸಿನೊ ಪರ ಆಡುವ ಡೀಲರ್ 22 ತಲುಪಿದರೆ ಸೋತಂತಲ್ಲ, ಸಾಮಾನ್ಯವಾಗಿ ಆಟಗಾರನ ಪಣ ಮರಳುತ್ತದೆ ಅಷ್ಟೇ. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಇರಬೇಕಿತ್ತು.