ಗುಟ್ಟಿನ ಕೋಣೆ, ಎಲ್ಲರೂ ಬನ್ನಿ

ಮನೆಯಲ್ಲೊಂದು ಕೋಣೆ ಖಾಲಿ ಇದೆ. ಅದನ್ನು ಬಂದೂಕುಗಳ ಭದ್ರ ಕೋಣೆ ಮಾಡಬೇಕೆಂದು ಮಾಲೀಕರಿಗೆ ಹೊಳೆದ ದಿನ ಎರಡು ಆಸೆಗಳು ಅವಳಿಜವಳಿಯಾಗಿ ಹುಟ್ಟುತ್ತವೆ. ಒಂದು, ಒಳಗೇನಿದೆ ಅಂತ ಯಾರಿಗೂ ಗೊತ್ತಾಗಬಾರದು. ಎರಡು, ಒಳಗೇನಿದೆ ಅಂತ ಎಲ್ಲರೂ ನೋಡಬೇಕು. ಹಾಗಾಗಿ ಬಾಗಿಲು ಬ್ಯಾಂಕಿನದು, ದೀಪಾಲಂಕಾರ ಒಡವೆ ಅಂಗಡಿಯದು. ಇವೆರಡರ ಜಗಳದಲ್ಲಿ ಬಡವಾಗುವುದು ಗೋಡೆ.

ಗೋಡೆಯಿಂದಲೇ ಶುರು ಮಾಡೋಣ, ಏಕೆಂದರೆ ಮಾಲೀಕರು ಶುರು ಮಾಡುವುದು ಬಾಗಿಲಿನಿಂದ. ನಾನೂರು ಕಿಲೋ ಉಕ್ಕಿನ ಬಾಗಿಲು ಬರುತ್ತದೆ. ಹಡಗಿನ ಚುಕ್ಕಾಣಿಯಂಥ ಹಿಡಿ, ಹೆಬ್ಬೆರಳಿಗಿಂತ ದಪ್ಪ ಬೋಲ್ಟುಗಳು. ಅದನ್ನು ತಂದು ನಿಲ್ಲಿಸುವುದು ಹನ್ನೆರಡೂವರೆ ಮಿಲಿಮೀಟರ್ ಜಿಪ್ಸಂ ಹಲಗೆಯ ವಿಭಜಕ ಗೋಡೆಗೆ. ಈ ಹಲಗೆಯನ್ನು ಕೆಲಸಗಾರ ಕತ್ತರಿಸುವುದೇ ಕಾಗದ ಕೊಯ್ಯುವ ಚಾಕುವಿನಲ್ಲಿ. ಕಳ್ಳನೂ ಅದನ್ನೇ ತರುತ್ತಾನೆ. ಬಾಗಿಲಿನ ಪಕ್ಕಕ್ಕೆ ಎರಡಡಿ ಸರಿದು, ಹಲಗೆಯನ್ನು ಹಿಡಿದ ಎರಡು ಕಂಬಿಗಳ ನಡುವೆ ಕೊಯ್ದು, ಒಳಗೆ ತೂರುತ್ತಾನೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ದಿಡ್ಡಿ ಬಾಗಿಲು ಹಾಕಿ ಕೋಟೆ ಕಟ್ಟುವುದನ್ನೇ ಮರೆತರು.

ಪರಿಹಾರ ಅಂಥ ಬ್ರಹ್ಮವಿದ್ಯೆಯೇನಲ್ಲ. ಇರುವ ಗೋಡೆಯ ಒಳಮೈಗೆ ಎಕ್ಸ್‌ಪ್ಯಾಂಡೆಡ್ ಮೆಟಲ್ ಜಾಲರಿ (ಉಕ್ಕಿನ ತಗಡನ್ನು ಸೀಳಿ ಎಳೆದು ಮಾಡಿದ್ದು) ಬಿಗಿದು, ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹೊಡೆದು, ಬೆಂಕಿಗಾಗಿ 16 ಮಿಲಿಮೀಟರಿನ ಅಗ್ನಿನಿರೋಧಕ ಜಿಪ್ಸಂ ಹಲಗೆ ಹಾಕಿದರೆ ಚಾಕುವಿನ ಕಾಲ ಮುಗಿಯಿತು. ಕಳ್ಳ ಲೋಹ ಕೊಯ್ಯುವ ಗ್ರೈಂಡರ್ ತರಬೇಕಾಗುತ್ತದೆ, ಗ್ರೈಂಡರ್ ಸದ್ದು ಮಾಡುತ್ತದೆ, ಹೊತ್ತು ಹಿಡಿಯುತ್ತದೆ. ಭದ್ರತೆಯೆಂದರೆ ಇಷ್ಟೇ, ಕಳ್ಳನ ಹೊತ್ತು ಹಾಳು ಮಾಡುವುದು. ಆದರೆ ಜಾಲರಿ ಗೋಡೆಯೊಳಗೆ ಹೂತುಹೋಗುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ. ಫೋಟೋದಲ್ಲಿ ಕಾಣದ್ದಕ್ಕೆ ಖರ್ಚು ಮಾಡುವವರು ಯಾರು?

ಇನ್ನು ಚಾವಣಿ. ಭದ್ರ ಕೋಣೆ ಷಣ್ಮುಖ: ನಾಲ್ಕು ಗೋಡೆ, ಒಂದು ನೆಲ, ಒಂದು ಚಾವಣಿ. ಮಾಲೀಕರು ನಾಲ್ಕು ಮುಖಕ್ಕೆ ಪೂಜೆ ಸಲ್ಲಿಸಿ ಐದನೆಯದರ ಮೇಲೆ ನಿಂತು ಆರನೆಯದಕ್ಕೆ ಫಾಲ್ಸ್ ಸೀಲಿಂಗ್ ಹಾಕಿಸುತ್ತಾರೆ. ಅಟ್ಟದಿಂದ ಇಳಿಯುವವನಿಗೆ ಮೆತ್ತಗೆ ಕಾಲಿಡಲು ಅನುಕೂಲ.

ಯಾರೋ ಬುದ್ಧಿ ಹೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ: 200 ಮಿಲಿಮೀಟರ್ ಕಾಂಕ್ರೀಟ್ ಗೋಡೆಯೇ ಆಗಲಿ, ಕೋಣೆ ಮಹಡಿಯ ಮೇಲಿದ್ದರೂ ಸರಿ. ಕೂಡಿಸಿ ನೋಡಿ. ಮೂರು ಮೀಟರ್ ಎತ್ತರದ ಅಂಥ ಗೋಡೆ ಮೀಟರು ಉದ್ದಕ್ಕೆ ಸುಮಾರು 1,400 ಕಿಲೋ ತೂಗುತ್ತದೆ. ಮೂರಕ್ಕೆ ನಾಲ್ಕು ಮೀಟರಿನ ಕೋಣೆಯ ಸುತ್ತಳತೆ ಹದಿನಾಲ್ಕು ಮೀಟರ್. ಒಟ್ಟು ಇಪ್ಪತ್ತು ಟನ್ ಹತ್ತಿರ. ಮನೆಯ ಮಹಡಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಚದರ ಮೀಟರಿಗೆ 200 ಕಿಲೋದಷ್ಟು ಬಳಕೆಯ ಭಾರಕ್ಕೆ. ಅಂದರೆ ಈ ಕೋಣೆಯ ನೆಲದ ಪಾಲಿಗೆ ಎರಡೂವರೆ ಟನ್ ಆಸುಪಾಸು. ಅಡಿಯಲ್ಲಿ ತೊಲೆ, ಗೋಡೆಗಳ ಆಸರೆ ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರ. ಕಳ್ಳನೇನೂ ಮೇಲೆ ಹತ್ತಬೇಕಿಲ್ಲ, ಕೋಣೆಯೇ ಕೆಳಗಿಳಿದು ಬರುತ್ತದೆ.

ನೆಲಮಾಳಿಗೆಯೋ ನೆಲಮಹಡಿಯೋ ಆದರೆ ಭಾರದ ಚಿಂತೆ ಕಡಿಮೆ, ತೇವದ ಚಿಂತೆ ಶುರು. ಕಾಂಕ್ರೀಟು 28 ದಿನಕ್ಕೆ ಬಲ ಪಡೆಯುತ್ತದೆ, ಒಣಗುವುದಿಲ್ಲ. ಒಣಗಲು ಇಪ್ಪತ್ತೈದು ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಕೆಲಸ ಬಲ್ಲವರ ಅಂದಾಜು. ನೂರು ಮಿಲಿಮೀಟರ್ ನೆಲಕ್ಕೆ ನಾಲ್ಕು ತಿಂಗಳು. ಅಷ್ಟು ದಿನ ಕಾಯುವ ಸಂಯಮವಿದ್ದರೆ ಅವರು ಪ್ರದರ್ಶನ ಕೋಣೆ ಕಟ್ಟುತ್ತಲೇ ಇರಲಿಲ್ಲ. ಗಾರೆ ಹಸಿ ಇರುವಾಗಲೇ ಬಂದೂಕುಗಳ ಗೃಹಪ್ರವೇಶ, ಬಾಗಿಲು ಬಂದ್, ಗಾಳಿಯಾಡದ ಹಾಗೆ ಸುತ್ತಲೂ ರಬ್ಬರ್ ಪಟ್ಟಿ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಉಕ್ಕಿನ ಮೇಲೆ ಕೂರುತ್ತದೆ.

ಇದಕ್ಕೆ ಮದ್ದೆಂದು ಮಾಲೀಕರು ಹೊಸ ಬೂಟಿನ ಡಬ್ಬದಲ್ಲಿ ಸಿಕ್ಕ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಮೂಲೆಯಲ್ಲಿಡುತ್ತಾರೆ. ಮೂರಕ್ಕೆ ನಾಲ್ಕು ಮೀಟರಿನ ಕೋಣೆಯಲ್ಲಿ ಸುಮಾರು 35 ಘನ ಮೀಟರ್ ಗಾಳಿ. 30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಶೇ. 80ರಷ್ಟಿರುವ ಆರ್ದ್ರತೆಯನ್ನು ಶೇ. 50ಕ್ಕೆ ಇಳಿಸಬೇಕಾದರೆ ಬರೀ ಗಾಳಿಯಿಂದಲೇ 300 ಗ್ರಾಂ ನೀರು ತೆಗೆಯಬೇಕು. ಅದಕ್ಕೆ ಕಿಲೋಗಟ್ಟಲೆ ಜೆಲ್ ಬೇಕು. ಪೊಟ್ಟಣದಲ್ಲಿರುವುದು ಐದೈದು ಗ್ರಾಂ. ಯಾರಾದರೂ ಬಾಗಿಲು ತೆರೆದರೆ ಲೆಕ್ಕ ಮತ್ತೆ ಮೊದಲಿಂದ. ಬೇಕಾದದ್ದು ಡಿಹ್ಯೂಮಿಡಿಫೈಯರ್ ಎಂಬ ಗಾಳಿಯ ತೇವ ತೆಗೆಯುವ ಯಂತ್ರ, ಅದರ ನೀರು ಹೊರಗೆ ಹೋಗಲು ಒಂದು ಕೊಳವೆ. ಕೊಳವೆಗೆ ತೂತು ಕೊರೆದರೆ ಗೋಡೆಯ ಅಂದ ಕೆಡುತ್ತದೆಂದು ತೊಟ್ಟಿ ಇರುವ ಯಂತ್ರವನ್ನೇ ಇಟ್ಟರೆ, ತೊಟ್ಟಿ ತುಂಬಿದಾಗ ಅದು ಶಿಸ್ತಾಗಿ ನಿಂತುಬಿಡುತ್ತದೆ. ಶೇ. 45ರಿಂದ 50ರ ನಡುವೆ ನಿಲ್ಲಿಸಿದರೆ ಉಕ್ಕಿಗೂ ಮರಕ್ಕೂ ಹಿತ. ಅತಿಯಾಗಿ ಒಣಗಿಸಿದರೆ ಬಂದೂಕಿನ ಹಿಡಿಯ ಮರ ಸೀಳುತ್ತದೆ.

ಇಷ್ಟಾದ ಮೇಲೆ ಅಲಂಕಾರ. ಕೆಂಪು ಮಖಮಲ್ಲು, ಮೆತ್ತನೆಯ ಫೋಮು, ಚರ್ಮದ ಚೀಲ. ಮೂರೂ ತೇವವನ್ನು ಕುಡಿದು ನಳಿಗೆಗೆ ಒತ್ತಿ ಹಿಡಿಯುತ್ತವೆ. ಚರ್ಮದಲ್ಲಿ ಹದ ಮಾಡಿದ ಉಪ್ಪಿನಂಶವೂ ಸೇರಿರುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ), ಓಕ್ ಮರದ ಮುಚ್ಚಿದ ಕಪಾಟುಗಳು ಆಮ್ಲದ ಆವಿ ಬಿಡುತ್ತವೆ. ಬಣ್ಣವನ್ನು ಕಾಯಿಸಿ ಕೂರಿಸಿದ ಉಕ್ಕಿನ ಕೊಕ್ಕೆಗೆ ತೆಳ್ಳಗೆ ಪ್ಲಾಸ್ಟಿಕ್ ತೊಡಿಸಿದರೆ ಸಾಕಿತ್ತು, ಆದರೆ ಅದರಲ್ಲಿ ರಾಜಗಾಂಭೀರ್ಯ ಇಲ್ಲವಂತೆ. ಗಾಜಿನ ಕಥೆಯೂ ಇದೇ: ಟಫನ್ಡ್ ಗಾಜು ಒಂದೇ ಏಟಿಗೆ ಕಲ್ಲುಸಕ್ಕರೆಯಾಗಿ ಉದುರುತ್ತದೆ, ಲ್ಯಾಮಿನೇಟೆಡ್ ಗಾಜು ಸೀಳಿದರೂ ನಡುವಿನ ಪೊರೆಗೆ ಅಂಟಿಕೊಂಡು ನಿಲ್ಲುತ್ತದೆ. ಹೆಸರಿನಲ್ಲಿ ಟಫ್ ಇದೆಯಲ್ಲ ಎಂದು ಮೊದಲನೆಯದನ್ನೇ ತರುತ್ತಾರೆ.

ಅತಿಥಿಗಳು ಬಂದರು. ಮುಟ್ಟಬೇಡಿ ಅನ್ನಲು ದಾಕ್ಷಿಣ್ಯ. ಮುಟ್ಟಿದರು. ಬೆವರಿನಲ್ಲಿ ಉಪ್ಪು. ಕೆಲವು ದಿನ ಬಿಟ್ಟು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ: ನೀಲಿಗಪ್ಪು ನಳಿಗೆಯ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಸುಳಿ, ಗೆರೆಯ ಪಕ್ಕ ಗೆರೆ, ಒಂದು ಹೆಬ್ಬೆಟ್ಟು. ಯಾರದೆಂದು ಪತ್ತೆ ಹಚ್ಚುವಷ್ಟು ಸ್ಪಷ್ಟ. ಅತಿಥಿ ಹಾಜರಿ ಹಾಕಿ ಹೋಗಿದ್ದಾರೆ. ಅವರು ಹೋದ ಕೂಡಲೇ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಿದ್ದರೆ ಮುಗಿದಿತ್ತು. ಎಣ್ಣೆಯನ್ನು ಸುರಿಯುವುದೂ ತಪ್ಪು. ನೆಟ್ಟಗೆ ನಿಲ್ಲಿಸಿದ ಬಂದೂಕಿನಲ್ಲಿ ಅದು ಇಳಿದು ಹಿಡಿಯ ಮರವನ್ನು ಮೆದುವಾಗಿಸುತ್ತದೆ.

ಈ ಗುಟ್ಟಿನ ಕೋಣೆಗೆ ಪುಸ್ತಕದ ಕಪಾಟಿನ ವೇಷವೂ ಬೇಕು. ಕೀಲಿನ ಮೇಲೆ ತಿರುಗುವ ಕಪಾಟಿಗೆ ನಿಜವಾದ ಪುಸ್ತಕ ತುಂಬಿದರೆ ಭಾರಕ್ಕೆ ಜೋಲುತ್ತದೆ. ಜೋತ ಕಪಾಟು ನೆಲದ ಮೇಲೆ ಕಾಲು ವೃತ್ತದ ಗೀರು ಎಳೆಯುತ್ತದೆ. ಬಾಗಿಲು ಇಲ್ಲಿದೆ ಎಂದು ಬಾಣ ಬರೆದ ಹಾಗೆ. ಜೋಲದಿರಲೆಂದು ಪುಸ್ತಕಗಳ ಬರೀ ಬೆನ್ನು ಅಂಟಿಸಿದರೆ, ಓದುವ ಹುಚ್ಚಿನ ನೆಂಟರೊಬ್ಬರು ಬಂದು ಒಂದನ್ನು ಎಳೆಯುವವರೆಗೆ ಕ್ಷೇಮ. ಅಷ್ಟಕ್ಕೂ ಆ ನಾನೂರು ಕಿಲೋ ಬಾಗಿಲು ಇಳಿದ ದಿನ ಬೀದಿಯೆಲ್ಲ ನಿಂತು ನೋಡಿದೆ. ಉಳಿದವರಿಗಾಗಿ ಮಾಲೀಕರೇ ವಿಡಿಯೋ ಹಾಕಿದ್ದಾರೆ: ಕಪಾಟು ಸರಿಯುತ್ತದೆ, ಬೆರಳು ಕೀಪ್ಯಾಡಿನ ಮೇಲೆ ಓಡಾಡುತ್ತದೆ, ಆರು ಅಂಕಿಗಳೂ ಚೆನ್ನಾಗಿ ಮೂಡಿವೆ.

ಕಂಪನಿ ಇಟ್ಟುಕಳಿಸಿದ ಸಂಖ್ಯೆಯನ್ನೇ ಬದಲಿಸದವರೂ ಉಂಟು. ಬದಲಿಸಿದವರು ಮಗಳ ಹುಟ್ಟಿದ ದಿನ ಇಡುತ್ತಾರೆ. ಬ್ಯಾಟರಿ ಸತ್ತರೆ ಇರಲಿ ಎಂದು ಕೊಟ್ಟ ತುರ್ತು ಕೀಲಿಯನ್ನು ಕಳೆದುಹೋಗದಂಥ ಜಾಗದಲ್ಲಿ, ಅಂದರೆ ಕೋಣೆಯ ಒಳಗೆ, ಮೊಳೆಗೆ ನೇತುಹಾಕುತ್ತಾರೆ. ಒಳಗಿನಿಂದ ಬಾಗಿಲು ತೆರೆಯುವ ಹಿಡಿ ಇದೆಯೇ ಎಂದು ಕೊಳ್ಳುವಾಗ ಕೇಳಿದವರು ಕಡಿಮೆ. ಸಿಕ್ಕಿಬಿದ್ದ ಮೇಲೆ ಕೇಳುವುದು ಕಷ್ಟ, ಗೋಡೆ ದಪ್ಪ.

ತೋಟಾಗಳನ್ನು ಬೇರೆ ಬೀಗದ ಪೆಟ್ಟಿಗೆಯಲ್ಲಿ ಇಡಬೇಕು, ಗೋಡೆಗೇರುವ ಪ್ರತಿ ಬಂದೂಕೂ ಖಾಲಿಯಾಗಿರಬೇಕು, ಟ್ರಿಗರಿಗೆ ಬೀಗ ಇರಬೇಕು. ಮಕ್ಕಳಿರುವ ಮನೆಯಲ್ಲಿ ಇದರ ಬಗ್ಗೆ ತಮಾಷೆ ಬೇಡ.

ಕೊನೆಯದಾಗಿ ಪಟ್ಟಿ. ಪ್ರತಿ ಬಂದೂಕಿನ ತಯಾರಕರ ಹೆಸರು, ಸೀರಿಯಲ್ ನಂಬರು, ನಾಲ್ಕು ಕಡೆಯಿಂದ ಫೋಟೋ, ಕೊಂಡ ರಸೀದಿ. ಕಳುವಾದರೆ ಪೊಲೀಸರೂ ವಿಮೆಯವರೂ ಮೊದಲು ಕೇಳುವುದು ಇದನ್ನೇ. ಮಾಲೀಕರು ಇದೊಂದನ್ನು ಮಾತ್ರ ಚಾಚೂ ತಪ್ಪದೆ ಮಾಡಿದ್ದಾರೆ. ಒಂದೇ ಪ್ರತಿ, ಚಂದದ ಕಡತ, ಭದ್ರವಾಗಿರಲೆಂದು ಕೋಣೆಯೊಳಗಿನ ಮೊದಲ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಬಂದವನು ಒಂದೊಂದಾಗಿ ತಾಳೆ ನೋಡಿಕೊಂಡು ಒಯ್ಯಬಹುದು.